ದೊಡ್ಡ ಹಬ್ಬದ ಮನೆಮಂದಿ ಫೋಟೊ: ಒಬ್ಬರನ್ನೂ ಬಿಡದೆ ತೆಗೆಯುವ ಬಗೆ

ಮಲೆನಾಡಿನ ಸಾಗರ ಸೀಮೆಯಲ್ಲಿ ದೀಪಾವಳಿಗೆ ದೊಡ್ಡ ಹಬ್ಬ ಎಂದೇ ಹೆಸರು. ನೀರು ತುಂಬುವ ಸಂಜೆಯಿಂದ ಹಿಡಿದು ಪಾಡ್ಯದ ಗೋಪೂಜೆ ಮುಗಿಯುವವರೆಗೆ ನಮ್ಮ ಮನೆ ತುಂಬಿರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅಪ್ಪಯ್ಯ, ಅಮ್ಮ, ದೊಡ್ಡತ್ತೆ ಮೂವರೇ ಇರುವ ಮನೆಯಲ್ಲಿ ಆಗ ಹದಿನೆಂಟು ಜನ. ಅವರೆಲ್ಲರ ಒಂದು ಫೋಟೊವನ್ನು, ಒಂದೇ ಒಂದು ವರ್ಷ ತಪ್ಪಿದ್ದು ಬಿಟ್ಟರೆ, 2011ರಿಂದ ಪ್ರತಿ ವರ್ಷ ತೆಗೆಯುತ್ತ ಬಂದಿದ್ದೇನೆ.

ಮೊದಲ ನಾಲ್ಕು ವರ್ಷದ ಫೋಟೊಗಳನ್ನು ಒಮ್ಮೆ ಸಾಲಾಗಿ ಚಾಪೆಯ ಮೇಲೆ ಹರವಿದೆ. ಚಿತ್ರಗಳೇನೋ ಚೆನ್ನಾಗಿದ್ದವು. ಆದರೆ ಎರಡರಲ್ಲಿ ಅಮ್ಮ ಇರಲಿಲ್ಲ, ಒಲೆಯ ಮುಂದಿದ್ದಳು. ನಾಲ್ಕರಲ್ಲೂ ದೊಡ್ಡತ್ತೆ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಹಬ್ಬದ ದಿನ ಎದುರಿಗೆ ಬರಬಾರದು ಎಂದು ತಾವೇ ತಿಳಿದುಕೊಂಡು ನಡುಮನೆ ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು. ನಾನೂ ಇರಲಿಲ್ಲ, ಕ್ಯಾಮೆರಾ ಹಿಡಿದಿದ್ದೆ. ಇನ್ನು ಐವತ್ತು ವರ್ಷ ಬಿಟ್ಟು ಈ ಫೋಟೊ ನೋಡುವ ಮಗುವಿಗೆ, ಆ ಮನೆಯಲ್ಲಿ ಇಂಥ ಇಬ್ಬರು ಹೆಂಗಸರು ಬದುಕಿದ್ದರು ಎಂಬುದೇ ಗೊತ್ತಾಗುವುದಿಲ್ಲವಲ್ಲ ಎಂದು ಅಂದು ತುಂಬ ನೊಂದೆ. ಅಲ್ಲಿಂದಾಚೆ ನನ್ನ ಕ್ರಮವನ್ನೇ ಬದಲಿಸಿದೆ. ಚಿತ್ರ ತುಸು ಮಸುಕಾದರೂ ಚಿಂತೆಯಿಲ್ಲ, ಆ ದಿನ ಮನೆಯಲ್ಲಿದ್ದ ಒಬ್ಬರೂ ತಪ್ಪಬಾರದು. ಇಲ್ಲಿ ಹೇಳಿರುವ ಎಲ್ಲ ಹಂತಗಳೂ ಹುಟ್ಟಿದ್ದು ಆ ಒಂದು ಹಟದಿಂದ.

ದಿನ ಮತ್ತು ಗಳಿಗೆ

ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಪಂಚಾಂಗ ತೆಗೆದು ಪಾಡ್ಯ ಯಾವ ವಾರ ಬೀಳುತ್ತದೆಂದು ನೋಡಿ. ಚತುರ್ದಶಿ, ಅಮಾವಾಸ್ಯೆ, ಪಾಡ್ಯ ಒಂದರ ಬೆನ್ನಿಗೊಂದು ಬಂದೇ ಬರುತ್ತವೆ ಎಂದು ನಂಬಿ ಟಿಕೆಟ್ ಮಾಡಿಸಬೇಡಿ. 2022ರಲ್ಲಿ ಅಕ್ಟೋಬರ್ 25ರ ಸಂಜೆ ಸೂರ್ಯಗ್ರಹಣ ಬಂತು, ಪಾಡ್ಯ 26ಕ್ಕೆ ಆಯಿತು. 25ರ ರಾತ್ರಿಗೇ ಬೆಂಗಳೂರಿನ ಬಸ್ ಕಾದಿರಿಸಿದ್ದ ತಮ್ಮ ಗೋಪೂಜೆಯನ್ನೂ ನೋಡದೆ ಹೊರಡಬೇಕಾಯಿತು. ಆ ವರ್ಷದ ಫೋಟೊದಲ್ಲಿ ಅವನ ಜಾಗ ಖಾಲಿ. ಈಗ ಟಿಕೆಟ್ ಮಾಡಿಸುವ ಮುಂಚೆಯೇ ಎಲ್ಲರಿಗೂ ಫೋನ್ ಮಾಡಿ ಹೇಳುತ್ತೇನೆ: ಪಾಡ್ಯದ ದಿನ ಸಂಜೆ ನಾಲ್ಕೂವರೆಗೆ ಫೋಟೊ.

ನಾಲ್ಕೂವರೆಯೇ ಯಾಕೆ ಎಂದರೆ, ಬೇರೆ ಹೊತ್ತೇ ಇಲ್ಲ. ಬೆಳಿಗ್ಗೆ ಗಂಡಸರು ಕೊಟ್ಟಿಗೆಯಲ್ಲಿ, ಹೆಂಗಸರು ಒಳಗೆ, ಮಕ್ಕಳು ದನದ ಕೊರಳಿಗೆ ಹೂವು, ಅಡಿಕೆ, ಪಚ್ಚೆತೆನೆಯ ಸರ ಕಟ್ಟುವುದರಲ್ಲಿ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದು ಕಣ್ಣಿನ ಗುಳಿಯೆಲ್ಲ ಕಪ್ಪಾಗುತ್ತದೆ. ಹಬ್ಬದೂಟದ ಎಲೆ ಏಳುವುದೇ ಮೂರು ಗಂಟೆಗೆ, ಆಮೇಲೆ ಹೋಳಿಗೆ ಉಂಡವರಿಗೆ ಒಂದು ಗಳಿಗೆ ಮಲಗಲೇಬೇಕು. ರಾತ್ರಿ ಒಂಬತ್ತರ ಬಸ್ಸಿಗೆ ಹೊರಡುವವರು ಏಳು ಗಂಟೆಗೆ ಚೀಲ ಕಟ್ಟಲು ಶುರುಮಾಡುತ್ತಾರೆ. ನವೆಂಬರಿನ ಸುಮಾರಿಗೆ ನಮ್ಮ ಕಡೆ ಸೂರ್ಯ ಮುಳುಗುವುದು ಆರರ ಹೊತ್ತಿಗಾದರೂ ಗುಡ್ಡ, ತೋಟದ ಮರೆಯಿರುವ ಮನೆಗಳಲ್ಲಿ ಐದೂಕಾಲಿಗೇ ಬೆಳಕು ಕುಸಿಯುತ್ತದೆ. ಇವೆಲ್ಲದರ ನಡುವೆ ಉಳಿಯುವುದು ನಾಲ್ಕೂವರೆಯಿಂದ ಐದು. ನಿಮ್ಮ ಮನೆಯ ಹಬ್ಬ ಗೌರಿ-ಗಣೇಶವೋ, ಯುಗಾದಿಯೋ, ಊರ ತೇರೋ ಆಗಿರಬಹುದು. ಆ ಅರ್ಧ ಗಂಟೆ ಯಾವುದೆಂದು ಕಂಡುಕೊಳ್ಳುವ ದಾರಿ ಮಾತ್ರ ಇದೇ.

ಮದುವೆಯಾದ ಮೊದಲ ದೀಪಾವಳಿಗೆ ಗಂಡು ಮಾವನ ಮನೆಗೆ ಹೋಗುವ ಪದ್ಧತಿ ಇರುವುದರಿಂದ ಆ ವರ್ಷ ಒಬ್ಬ ಮಗ ತಪ್ಪುತ್ತಾನೆ, ಒಬ್ಬ ಅಳಿಯ ಸೇರುತ್ತಾನೆ. ಅದನ್ನು ಸರಿಪಡಿಸಲು ಹೋಗಬೇಡಿ, ಆ ವರ್ಷದ ಸತ್ಯ ಅದೇ.

ಜಾಗ, ನೆರಳು

ನಮ್ಮ ಮನೆ ಪೂರ್ವಕ್ಕೆ ಮುಖ ಮಾಡಿದೆ. ಸಂಜೆ ಸೂರ್ಯ ಮನೆಯ ಬೆನ್ನಿಗೆ ಹೋಗುತ್ತಾನೆ, ಮನೆಯ ನೆರಳು ಅಂಗಳಕ್ಕೆ ಚಾಚುತ್ತದೆ. ಆ ನೆರಳಲ್ಲಿ ಕೂತವರ ಮುಖಕ್ಕೆ ಎದುರಿನ ತೆರೆದ ಆಕಾಶದ ಬೆಳಕು ಮೃದುವಾಗಿ ಬೀಳುತ್ತದೆ. ಯಾರ ಕಣ್ಣೂ ಕಿರಿದಾಗುವುದಿಲ್ಲ, ಮೂಗಿನ ಕೆಳಗೆ ನೆರಳು ಕೂರುವುದಿಲ್ಲ. ಮನೆ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಇದೇ ಬೆಳಕು ಬೆಳಿಗ್ಗೆ ಸಿಗುತ್ತದೆ. ಬೆಳಿಗ್ಗೆ ಆಗದ ಮಾತು ಎಂದಾದರೆ ಹಿತ್ತಿಲಿಗೆ ಹೋಗಿ, ಇಲ್ಲವೇ ಸೂರ್ಯ ಮರಗಳ ಹಿಂದೆ ಇಳಿಯುವವರೆಗೆ ಕಾಯಿರಿ. ಹಾಗೆ ಕಾದರೆ ಸಿಗುವುದು ಹದಿನೈದು-ಇಪ್ಪತ್ತು ನಿಮಿಷ ಮಾತ್ರ.

ಮಾವಿನ ಮರದಡಿ, ತೋಟದ ದಾರಿಯಲ್ಲಿ ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಎರಡು ಸಲ ಮಾಡಿದೆ. ಎಲೆಗಳ ನಡುವಿಂದ ಬಿದ್ದ ಬಿಸಿಲು ಒಬ್ಬರ ಹಣೆ ಬೆಳಗಿಸಿ ಇನ್ನೊಬ್ಬರ ಗಲ್ಲ ಕಪ್ಪು ಮಾಡಿತು. ಎಲೆಯ ಬಣ್ಣ ಹೀರಿದ ಬೆಳಕಿನಲ್ಲಿ ಎಲ್ಲರ ಮುಖಕ್ಕೂ ಹಸಿರು ಛಾಯೆ ಬಂತು. ಅದನ್ನು ಆಮೇಲೆ ಫೋನಿನಲ್ಲಿ ಪೂರ್ತಿ ತೆಗೆಯಲಾಗಲಿಲ್ಲ.

ಜಗಲಿಯ ಮೆಟ್ಟಿಲು ಹಳೆ ಮನೆಗಳು ನಮಗೆ ಕೊಟ್ಟ ಅನುಕೂಲ. ನೆಲದಲ್ಲಿ ಚಾಪೆ, ಅದರ ಹಿಂದೆ ಕುರ್ಚಿ, ಕುರ್ಚಿಯ ಹಿಂದೆ ಕೆಳಗಿನ ಮೆಟ್ಟಿಲು, ಅದರ ಮೇಲೆ ಜಗಲಿ. ನಾಲ್ಕು ಎತ್ತರ ತಾನಾಗಿ ಸಿಗುತ್ತದೆ. ಮೆಟ್ಟಿಲಿಲ್ಲದ ಪೇಟೆಯ ಮನೆಯಲ್ಲಿ ಬೆಂಚು ಇಟ್ಟು ಕೊನೆಯ ಸಾಲನ್ನು ಅದರ ಮೇಲೆ ನಿಲ್ಲಿಸಬಹುದು, ಆದರೆ ಬೆಂಚು ಅಲುಗದಂತೆ ಮೊದಲೇ ನೀವು ಹತ್ತಿ ನೋಡಿ. ಕೊಯ್ಲು ಶುರುವಾದ ಮನೆಗಳಲ್ಲಿ ಅಂಗಳದ ತುಂಬ ಅಡಿಕೆ ಹರವಿರುತ್ತದೆ. ಮೆಟ್ಟಿಲಿನಿಂದ ಐದಾರು ಮೀಟರ್ ಜಾಗ ಬಿಡಿಸಿಕೊಳ್ಳಲು ಅಪ್ಪಯ್ಯನಿಗೆ ಹಿಂದಿನ ದಿನವೇ ಹೇಳಿಡಬೇಕು. ಆ ಹೊತ್ತಿಗೆ ಹೇಳಿದರೆ ಬೈಸಿಕೊಳ್ಳುವುದು ಖಂಡಿತ.

ಹಿಂಗಾರಿನ ಗುಡುಗು ಮಳೆ ದೊಡ್ಡ ಹಬ್ಬಕ್ಕೆ ತಪ್ಪಿಸುವುದು ಕಡಿಮೆ. ಬಂದರೆ ಎಲ್ಲರನ್ನೂ ಜಗಲಿಯ ಮೇಲೆಯೇ, ಹೊರಮುಖವಾಗಿ ಕೂರಿಸಿ. ಅಂಗಳದಲ್ಲಿ ಕ್ಯಾಮೆರಾ ಮೇಲೆ ಕೊಡೆ ಹಿಡಿಯಲು ಒಬ್ಬ ಪಕ್ಕದ ಮನೆಯ ಹುಡುಗ ಸಾಕು.

ಒಲೆ ಆರಿಸುವುದು

ಇದು ಎಲ್ಲಕ್ಕಿಂತ ಕಷ್ಟದ ಹಂತ. ಬಹುಪಾಲು ಮನೆಗಳಲ್ಲಿ ಫೋಟೊ ಕೆಡುವುದು ಇಲ್ಲಿ. ಕರೆದಾಗ ಅಮ್ಮ “ನೀವು ಶುರು ಮಾಡಿ, ಬಂದೆ” ಎನ್ನುತ್ತಾಳೆ. ಅದು ಬರುತ್ತೇನೆ ಎಂಬ ಮಾತಲ್ಲ, ನನ್ನನ್ನು ಬಿಟ್ಟು ಮುಗಿಸಿ ಎಂಬ ಮಾತು. ಅವಳನ್ನು ಹತ್ತು ಸಲ ಕೂಗುವುದರಿಂದ ಏನೂ ಆಗುವುದಿಲ್ಲ, ಅವಳ ಕೈಯ ಕೆಲಸ ಇಳಿಯಬೇಕು.

ಸಂಜೆ ಹದಿನೆಂಟು ಜನರಿಗೆ ಕಾಫಿ ಆಗಬೇಕು ಎಂಬ ಯೋಚನೆಯೇ ಅವಳನ್ನು ಒಳಗೆ ಕಟ್ಟಿಹಾಕುವುದು. ನಾವು ಈಗ ಮಾಡುವುದು ಇಷ್ಟು. ಊಟದ ಬೆನ್ನಿಗೇ ತಮ್ಮ ಡಿಕಾಕ್ಷನ್ ಇಳಿಸುತ್ತಾನೆ. ಭಾವ ಹಾಲು ಕಾಯಿಸಿ ಫ್ಲಾಸ್ಕಿಗೆ ತುಂಬುತ್ತಾನೆ. ಪಾತ್ರೆ ತೊಳೆಯುವುದು ನನ್ನ ಪಾಲು. ನಾಲ್ಕು ಗಂಟೆಗೆ ಅಡುಗೆಮನೆಯಲ್ಲಿ ಯಾವ ಒಲೆಯೂ ಉರಿಯುತ್ತಿರಬಾರದು. ಅಮ್ಮ, ಚಿಕ್ಕಮ್ಮ, ಅತ್ತಿಗೆ ಮೂವರಿಗೂ ಮುಖ ತೊಳೆದು, ಬೇಕಾದ ಸೀರೆ ಉಟ್ಟು, ತಲೆ ಬಾಚಿಕೊಳ್ಳಲು ಅರ್ಧ ಗಂಟೆ ಬಿಡುವು. ಮಕ್ಕಳನ್ನು ಆ ಹೊತ್ತಿನಲ್ಲಿ ಅವರವರ ಅಪ್ಪಂದಿರು ನೋಡಿಕೊಳ್ಳಬೇಕು. ಈ ಕ್ರಮ ಶುರುವಾದ ಮೊದಲ ವರ್ಷದ ಫೋಟೊದಲ್ಲಿ ಅಮ್ಮನ ಮುಖದಲ್ಲಿರುವ ನಿರಾಳ ಅದಕ್ಕೂ ಹಿಂದಿನ ಯಾವ ಫೋಟೊದಲ್ಲೂ ಇಲ್ಲ.

ದೊಡ್ಡತ್ತೆಯ ವಿಷಯ ಬೇರೆ. ಅವರನ್ನು ಎಲ್ಲರ ಎದುರು ಒತ್ತಾಯ ಮಾಡಬಾರದು, ಮಾಡಿದಷ್ಟೂ ಹಿಂದೆ ಸರಿಯುತ್ತಾರೆ. ಹಿಂದಿನ ರಾತ್ರಿ ಅಮ್ಮ ಅವರ ಪಕ್ಕ ಕೂತು, “ನಾಳೆ ನೀವು ಕೂರದಿದ್ದರೆ ನಾನೂ ಕೂರುವುದಿಲ್ಲ” ಎಂದಳು. ಬೆಳಿಗ್ಗೆ ಅಪ್ಪಯ್ಯ ತಮ್ಮ ಕುರ್ಚಿಯ ಪಕ್ಕದಲ್ಲಿ ಅಕ್ಕನ ಕುರ್ಚಿಯನ್ನು ತಾವೇ ತಂದಿಟ್ಟರು. ನಿಮ್ಮ ಮನೆಯಲ್ಲೂ ಬಾಗಿಲ ಹಿಂದೆ ನಿಲ್ಲುವ ಒಬ್ಬರಿರಬಹುದು: ಸೋದರತ್ತೆ, ಮದುವೆಯಾಗದ ಚಿಕ್ಕಪ್ಪ, ಕಾಯಿಲೆಯ ತಂಗಿ. ಅವರ ಜಾಗವನ್ನು ಮೊದಲು ಗೊತ್ತುಮಾಡಿ, ಉಳಿದವರನ್ನು ಅವರ ಸುತ್ತ ಕೂರಿಸಿ. ಬಸುರಿಯ ಫೋಟೊ ತೆಗೆದರೆ ದೃಷ್ಟಿಯಾಗುತ್ತದೆಂದು ಹಿರಿಯರು ಅಳುಕಿದರೆ ಅವಳಿಗೆ ಹಿಂದಿನ ಸಾಲಿನಲ್ಲಿ, ಬೇರೊಬ್ಬರ ಹೆಗಲ ಮರೆಯಲ್ಲಿ ಜಾಗ ಕೊಡಿ. ಅವಳೂ ಇರುತ್ತಾಳೆ, ಹಿರಿಯರ ಮನಸ್ಸೂ ಉಳಿಯುತ್ತದೆ.

ಯಾರು ಎಲ್ಲಿ

ಹಳೆಯ ಸ್ಟುಡಿಯೋ ಫೋಟೊಗಳಲ್ಲಿ ಗಂಡಸರು ಕುರ್ಚಿಯಲ್ಲಿ, ಹೆಂಗಸರು ಹಿಂದೆ ನಿಂತು, ಮಕ್ಕಳು ಚಾಪೆಯಲ್ಲಿ. ನೋಡಲು ಅಚ್ಚುಕಟ್ಟು, ಆದರೆ ಯಾರ ಹೆಂಡತಿ ಯಾರು, ಯಾವ ಮಗು ಯಾರದು ಎಂಬುದು ಎರಡು ತಲೆಮಾರು ಕಳೆದ ಮೇಲೆ ತಿಳಿಯುವುದಿಲ್ಲ. ನಾನು ಒಂದೊಂದು ಸಂಸಾರವನ್ನು ಒಂದು ಗುಂಪಾಗಿ ಕೂರಿಸುತ್ತೇನೆ. ನಡುವೆ ಹಿರಿಯರ ಮೂರು ಕುರ್ಚಿ. ಎಡಕ್ಕೆ ಅಣ್ಣನ ಸಂಸಾರ, ಬಲಕ್ಕೆ ಅಕ್ಕ-ಭಾವ, ಅವರ ಹಿಂದೆ ತಮ್ಮ ಮತ್ತು ನಾನು, ನಮ್ಮ ನಮ್ಮ ಮನೆಯವರು. ಮಕ್ಕಳು ತಮ್ಮ ತಂದೆತಾಯಿಯ ಎದುರು ಚಾಪೆಯ ಮೇಲೆ.

ಒಮ್ಮೆ ಗೊತ್ತುಮಾಡಿದ ಕ್ರಮವನ್ನು ಮುರಿಯಬೇಡಿ. ಅಮೆರಿಕದ ಛಾಯಾಗ್ರಾಹಕ ನಿಕೊಲಸ್ ನಿಕ್ಸನ್ 1975ರಿಂದ ನಾಲ್ಕು ದಶಕಕ್ಕೂ ಮಿಕ್ಕಿ ತನ್ನ ಹೆಂಡತಿ ಮತ್ತು ಅವಳ ಮೂವರು ಸೋದರಿಯರನ್ನು ಪ್ರತಿ ವರ್ಷ ಒಂದೇ ಕ್ರಮದಲ್ಲಿ ನಿಲ್ಲಿಸಿ ಫೋಟೊ ತೆಗೆದ. ಆ ಸರಣಿಯನ್ನು ನೋಡುವಾಗ ಕಣ್ಣು ಜಾಗ ಹುಡುಕಬೇಕಾಗಿಲ್ಲ, ನೇರ ಮುಖಕ್ಕೆ ಹೋಗುತ್ತದೆ, ಕಾಲ ಮಾಡಿದ್ದೆಲ್ಲ ಅಲ್ಲಿ ಕಾಣುತ್ತದೆ. ನಮ್ಮಲ್ಲೂ ಹಾಗೆಯೇ: ಅಣ್ಣನ ಮಗಳು ಒಂದೇ ಮೂಲೆಯಲ್ಲಿ ತೊಡೆಯಿಂದ ಚಾಪೆಗೆ, ಚಾಪೆಯಿಂದ ಮೆಟ್ಟಿಲಿಗೆ ಏರಿದ್ದಾಳೆ.

ಬಟ್ಟೆಗೆ ಒಂದೇ ಬಣ್ಣದ ಕಟ್ಟುಪಾಡು ಬೇಡ. ಅವರವರು ಇಷ್ಟಪಟ್ಟು ಉಟ್ಟ ಸೀರೆ, ಹಬ್ಬಕ್ಕೆ ಕೊಂಡ ಅಂಗಿ ಆ ವರ್ಷದ ನೆನಪಿಗೆ ಗುರುತು. ಬಿಳಿ ಪಂಚೆ, ಶಲ್ಯದವರನ್ನು ಒಂದೇ ಕಡೆ ಒಟ್ಟು ಮಾಡದೆ ಹಂಚಿ ಕೂರಿಸಿದರೆ ಸಾಕು. ಕನ್ನಡಕದವರು ಗಲ್ಲವನ್ನು ತುಸು ಇಳಿಸಿದರೆ ಆಕಾಶದ ಹೊಳಪು ಗಾಜಿನಿಂದ ತಪ್ಪುತ್ತದೆ.

ಕ್ಯಾಮೆರಾ

ಇವತ್ತಿನ ಸಾಧಾರಣ ಫೋನೂ ಸಾಕು. ಕೆಲವು ಸಂಗತಿ ಮಾತ್ರ ಗಮನಿಸಿ. ಎಲ್ಲರೂ ಹಿಡಿಸುವುದಿಲ್ಲ ಎಂದು 0.5 ಎಂಬ ಅಗಲದ ಲೆನ್ಸಿಗೆ ಹೋಗಬೇಡಿ. ಅದು ಅಂಚಿನಲ್ಲಿರುವವರ ಮುಖ, ತೋಳುಗಳನ್ನು ಎಳೆದು ಅಗಲ ಮಾಡುತ್ತದೆ, ಅಂಚಿನಲ್ಲಿ ನಿಲ್ಲುವವರು ಸಾಮಾನ್ಯವಾಗಿ ಸೊಸೆಯಂದಿರು, ಅವರಿಗೆ ಬೇಸರವಾಗುತ್ತದೆ. 1ರಲ್ಲೇ ಇಟ್ಟು ಐದು ಮೀಟರ್ ಹಿಂದೆ ಸರಿಯಿರಿ. ಜಾಗವಿದ್ದರೆ 2ಕ್ಕೆ ಹಾಕಿ ಇನ್ನೂ ಹಿಂದೆ ಹೋದರೆ ಮುಖಗಳು ಮತ್ತೂ ಸಹಜ. ತೆಗೆಯುವ ಮುಂಚೆ ಫೋನಿನ ಲೆನ್ಸನ್ನು ಪಂಚೆಯ ತುದಿಯಿಂದ ಒರೆಸಿ. ಹಬ್ಬದ ದಿನ ಎಲ್ಲರ ಕೈಯಲ್ಲೂ ಎಣ್ಣೆ, ತುಪ್ಪ.

ದೊಡ್ಡ ಕ್ಯಾಮೆರಾ ಇದ್ದವರು ಒಂದು ತಪ್ಪನ್ನು ಮಾಡುತ್ತಾರೆ, ನಾನೂ ಮಾಡಿದ್ದೆ. ಹಿನ್ನೆಲೆ ಮಸುಕಾಗಲಿ ಎಂದು 50 ಎಂಎಂ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 1.8ಕ್ಕೆ, ಅಂದರೆ ತುಂಬ ಅಗಲವಾಗಿ, ತೆರೆದಿಟ್ಟೆ. ನನ್ನದು ಸಣ್ಣ ಸೆನ್ಸರಿನ (ಬೆಳಕು ಹಿಡಿಯುವ ಫಲಕದ) ಕ್ಯಾಮೆರಾ. ಆರು ಮೀಟರ್ ದೂರದಲ್ಲಿ ಅದು ಸ್ಪಷ್ಟವಾಗಿ ಹಿಡಿಯುವುದು ಸುಮಾರು ಒಂದು ಮೀಟರ್ ಆಳವನ್ನು ಮಾತ್ರ. ಕುರ್ಚಿಯ ಸಾಲು ಚೊಕ್ಕವಾಗಿ ಬಂತು, ಜಗಲಿಯ ಮೇಲಿದ್ದ ನಾಲ್ವರು ಮಸುಕಾದರು. ಮೂರು ಸಾಲಿದ್ದರೆ ಆ ಕಿಂಡಿಯನ್ನು ಎಫ್ 8ಕ್ಕೆ ಕಿರಿದಾಗಿಸಿ. ಶಟರ್ ತೆರೆದು ಮುಚ್ಚುವ ವೇಗ 1/125 ಸೆಕೆಂಡಿಗಿಂತ ನಿಧಾನ ಬೇಡ, ಕೈಕಾಲು ಆಡಿಸುವ ಮಕ್ಕಳಿದ್ದರೆ 1/250. ಬೆಳಕು ಸಾಲದಿದ್ದರೆ ಕ್ಯಾಮೆರಾದ ಸೂಕ್ಷ್ಮತೆ ಹೆಚ್ಚಿಸುವ ಐಎಸ್‌ಒ ಏರಿಸಿ. ಚೂರು ತರಿತರಿಯಾದರೆ ತೊಂದರೆಯಿಲ್ಲ, ಅಲುಗಿದ ಮುಖವನ್ನು ಸರಿಮಾಡಲು ಸಾಧ್ಯವಿಲ್ಲ.

ಟ್ರೈಪಾಡ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಕ್ಯಾಮೆರಾ ಹಿಡಿದವರೂ ಮನೆಯವರೇ ತಾನೆ. ಫೋನಿಗೆ ಬ್ಲೂಟೂತ್ ಗುಂಡಿ ಸಿಗುತ್ತದೆ, ಅದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ನಿಮ್ಮ ಜಾಗದಲ್ಲಿ ಕೂತೇ ಒತ್ತಬಹುದು. ಹತ್ತು ಸೆಕೆಂಡಿನ ಟೈಮರ್ ಒತ್ತಿ ಓಡಿಬಂದರೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ಟ್ರೈಪಾಡಿನ ಎತ್ತರ ನಿಂತವರ ಎದೆಯಿಂದ ಕಣ್ಣಿನ ನಡುವೆ ಇರಲಿ, ನೆಲದ ಮಟ್ಟದಿಂದ ತೆಗೆದರೆ ಹಿಂದಿನ ಸಾಲು ಮುಚ್ಚಿಹೋಗುತ್ತದೆ. ಅದರ ಮೂರು ಕಾಲಿರುವ ಜಾಗಕ್ಕೆ ನಾನು ಜಂಬಿಟ್ಟಿಗೆಯ ಮೂರು ತುಂಡು ಹುಗಿದಿಟ್ಟಿದ್ದೇನೆ. ಪ್ರತಿ ವರ್ಷ ಅಲ್ಲೇ.

ನಾಲ್ಕೂ ಕಡೆ ಧಾರಾಳ ಅಂಚು ಬಿಡಿ. ಫೋನಿನ ಫೋಟೊ 4:3 ಅಳತೆಯದು, 4x6 ಇಂಚಿನ ಪ್ರಿಂಟು 3:2. ಎತ್ತರದಲ್ಲಿ ಒಂಬತ್ತನೇ ಒಂದು ಭಾಗ ಹಾರಿಹೋಗುತ್ತದೆ. ಕ್ಯಾಮೆರಾದ 3:2 ಚಿತ್ರವನ್ನು 8x10ಕ್ಕೆ ಹಾಕಿದರೆ ಎಡಬಲ ಎರಡೂ ಕಡೆ ಹನ್ನೆರಡನೇ ಒಂದೊಂದು ಭಾಗ ಕತ್ತರಿಸುತ್ತದೆ. ಒಂದು ವರ್ಷ ಹೀಗೇ ಚಿಕ್ಕಪ್ಪನ ಅರ್ಧ ಭುಜ ಹೋಯಿತು.

ಆ ಹತ್ತು ನಿಮಿಷ

ಮಕ್ಕಳನ್ನು ಕೊನೆಗೆ ಕರೆಯಿರಿ. ದೊಡ್ಡವರೆಲ್ಲ ಕೂತು, ಒಂದೆರಡು ಫೋಟೊ ತೆಗೆದು ನೋಡಿ, ಬೆಳಕು ಸರಿಯಿದೆ ಎಂದು ಖಾತ್ರಿಯಾದ ಮೇಲೆ ಚಾಪೆ ತುಂಬಿಸಿ. ಎರಡು ವರ್ಷದ ಮಗು ಸುಮ್ಮನೆ ಕೂರುವುದು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಕೈಗೆ ಒಂದು ಕಜ್ಜಾಯ ಕೊಟ್ಟರೆ ಇನ್ನೆರಡು ನಿಮಿಷ.

ಎಷ್ಟು ಫೋಟೊ ತೆಗೆಯಬೇಕು? ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಇದನ್ನು ಲೆಕ್ಕ ಹಾಕಿದ್ದಾರೆ, 2006ರಲ್ಲಿ ಅವರಿಗೆ ಗಣಿತದ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ) ಬಂತು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆ ಬೆಳಕಿನಲ್ಲಿ ತಲೆಯೆಣಿಕೆಯನ್ನು ಮೂರರಿಂದ ಭಾಗಿಸಿ, ಮಬ್ಬು ಬೆಳಕಿನಲ್ಲಿ ಎರಡರಿಂದ. ಅಷ್ಟು ಫೋಟೊ ತೆಗೆದರೆ ಅದರಲ್ಲಿ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತದೆ ಎಂದು ಬಹುಮಟ್ಟಿಗೆ ನಂಬಬಹುದು. ಹದಿನೆಂಟು ಜನಕ್ಕೆ ಆರು, ಮಬ್ಬಿಗೆ ಒಂಬತ್ತು. ಮಕ್ಕಳು ಅತ್ತಿತ್ತ ನೋಡುವುದನ್ನೂ ಸೇರಿಸಿ ನಾನು ಹದಿನೈದು ತೆಗೆಯುತ್ತೇನೆ, ಅದಕ್ಕಿಂತ ಹೆಚ್ಚಲ್ಲ. ಮೂವತ್ತಾದರೆ ಅಪ್ಪಯ್ಯನ ಬೆನ್ನು ನೋಯುತ್ತದೆ, ಮುಖಗಳು ಬಿಗಿಯುತ್ತವೆ.

“ನಗಿ, ನಗಿ” ಎಂದರೆ ಯಾರೂ ನಗುವುದಿಲ್ಲ, ಹಲ್ಲು ತೋರಿಸುತ್ತಾರೆ. ಮೊದಲ ಎರಡು ಫೋಟೊ ಗಂಭೀರವಾಗಿಯೇ ಬರಲಿ, ಹಿರಿಯರಿಗೆ ಅದೇ ಇಷ್ಟ. ಆಮೇಲೆ ಯಾರಾದರೊಬ್ಬರು ಹಿಂದಿನ ರಾತ್ರಿಯ ಬೂರೆಗಳವಿನಲ್ಲಿ (ಹಬ್ಬದ ರಾತ್ರಿ ತಮಾಷೆಗೆ ಮಾಡುವ ಕಳ್ಳತನದಲ್ಲಿ) ಯಾರ ಹಿತ್ತಿಲ ಸೌತೆಕಾಯಿ ಹೋಯಿತು ಎಂದು ಕೇಳಿದರೆ ಸಾಕು. ಮಾತು ಮುಗಿದು ನಗು ಇಳಿಯುವ ಆ ಗಳಿಗೆಯಲ್ಲಿ ಗುಂಡಿ ಒತ್ತುತ್ತ ಹೋಗಿ. ನಮ್ಮ ಮನೆಯ ಬಹುತೇಕ ಒಳ್ಳೆ ಫೋಟೊಗಳು ಏಳನೆಯದರಿಂದ ಹನ್ನೊಂದನೆಯದರ ನಡುವೆ ಇವೆ.

ಕೆಲಸಕ್ಕೆ ಬರುವವರು, ಹಬ್ಬದ ದಿನವೂ ದನ ನೋಡಿಕೊಂಡವರು ಅಂಗಳದಲ್ಲಿದ್ದರೆ ಕರೆಯಿರಿ. ಒಂದೆರಡು ಫೋಟೊ ಅವರನ್ನೂ ಕೂರಿಸಿಕೊಂಡು ತೆಗೆಯಿರಿ, ಪ್ರಿಂಟ್ ಅವರಿಗೂ ತಲುಪಿಸಿ.

ಬರಲಾಗದವರು, ಹಬ್ಬವಿಲ್ಲದ ವರ್ಷ

ನ್ಯೂಜೆರ್ಸಿಯಲ್ಲಿರುವ ತಂಗಿಯನ್ನು ಒಮ್ಮೆ ಟ್ಯಾಬ್ ಮೇಲೆ ವೀಡಿಯೊ ಕರೆಯಲ್ಲಿ ಹಿಡಿದು ಫೋಟೊ ತೆಗೆದೆವು. ಅಲ್ಲಿ ಆಗಿನ್ನೂ ಬೆಳಗಿನ ಜಾವ, ಅಲಾರಂ ಇಟ್ಟು ಎದ್ದಿದ್ದಳು. ಚಿತ್ರದಲ್ಲಿ ಬಂದದ್ದು ಒಂದು ಬಿಳಿ ಚೌಕ. ಈಗ ಅವಳು ತನ್ನ ಮನೆಯ ಮೆಟ್ಟಿಲ ಮೇಲೆ ಗಂಡ-ಮಕ್ಕಳೊಡನೆ ಅದೇ ದಿನ ಫೋಟೊ ತೆಗೆಸಿಕೊಂಡು ಕಳಿಸುತ್ತಾಳೆ. ಎರಡನ್ನೂ ಒಂದೇ ಕಾಗದದಲ್ಲಿ ಪ್ರಿಂಟ್ ಹಾಕಿಸುತ್ತೇವೆ. ಇಲ್ಲದವರನ್ನು ಕತ್ತರಿಸಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬರು ಕಣ್ಣು ಮುಚ್ಚಿದ್ದರೆ ಪಕ್ಕದ ಫೋಟೊದಿಂದ ಮುಖ ತರುವ ಸೌಲಭ್ಯ ಈಗ ಫೋನಿನಲ್ಲೇ ಇದೆ, ಅದು ಸರಿ. ಅವರು ಅಲ್ಲಿ ಕೂತಿದ್ದರು.

ಮನೆಯಲ್ಲಿ ಸಾವಾದ ವರ್ಷ ಹಬ್ಬವಿಲ್ಲ. ಅಜ್ಜಿ ಹೋದ ವರ್ಷ ನಾನು ಕ್ಯಾಮೆರಾ ಹೊರತೆಗೆಯಲಿಲ್ಲ, ಈಗ ಕೊರಗುತ್ತೇನೆ. ಹಬ್ಬ ಮಾಡದಿದ್ದರೂ ನಾವೆಲ್ಲ ಆ ದಿನ ಅದೇ ಜಗಲಿಯಲ್ಲಿ, ನಿತ್ಯದ ಬಟ್ಟೆಯಲ್ಲಿ, ಅವಳ ಮಾತಾಡುತ್ತ ಕೂತಿದ್ದೆವು. ಹಿರಿಯರನ್ನು ಕೇಳಿ, ಒಪ್ಪಿದರೆ ತೆಗೆಯಿರಿ.

ಆಯ್ಕೆ, ಪ್ರಿಂಟು, ಹೆಸರು

ಅದೇ ರಾತ್ರಿ ಹದಿನೈದರಲ್ಲಿ ಒಂದನ್ನು ಆರಿಸಿ. ಆರಿಸುವವರು ಇಬ್ಬರಿರಲಿ, ಒಬ್ಬರೇ ಆರಿಸಿದರೆ ತಾವು ಚೆನ್ನಾಗಿ ಬಂದದ್ದನ್ನೇ ಆರಿಸುತ್ತಾರೆ. ಎಲ್ಲರಿಗೂ ಕಳಿಸುವಾಗ ವಾಟ್ಸ್‌ಆಪ್‌ನಲ್ಲಿ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ. ನನ್ನ ಹಾರ್ಡ್ ಡಿಸ್ಕ್ ಕೆಟ್ಟು 2013ರ ಮೂಲ ಹೋಯಿತು, ಉಳಿದದ್ದು ಹಾಗೆ ಕುಗ್ಗಿದ ಒಂದು ಪ್ರತಿ. ಅಂಗೈಯಗಲಕ್ಕಿಂತ ದೊಡ್ಡದು ಮಾಡಿದರೆ ಮುಖಗಳು ಒಡೆಯುತ್ತವೆ. ಈಗ ಮೂರು ಪ್ರತಿ ಇಡುತ್ತೇನೆ: ಕಂಪ್ಯೂಟರಿನಲ್ಲಿ, ಪ್ರತ್ಯೇಕ ಡಿಸ್ಕಿನಲ್ಲಿ, ಅಕ್ಕನ ಮನೆಯಲ್ಲಿ.

ಪ್ರಿಂಟ್ ಹಾಕಿಸಲೇಬೇಕು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 8x12ಕ್ಕೆ 2400x3600 ಸಾಕು. ಗೋಡೆಗೆ ಒಂದು ದೊಡ್ಡದು, ಪ್ರತಿ ಸಂಸಾರಕ್ಕೆ ಒಂದು ಚಿಕ್ಕದು. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ವರ್ಷ, ಊರು, ಎಡದಿಂದ ಬಲಕ್ಕೆ ಒಂದೊಂದು ಸಾಲಿನ ಹೆಸರು ಬರೆಯಿರಿ. ಬಾಲ್ ಪೆನ್ ಅಚ್ಚು ಮುಂದಕ್ಕೆ ಮೂಡುತ್ತದೆ. “ಅಮ್ಮ”, “ದೊಡ್ಡಪ್ಪ” ಎಂದು ಬರೆಯಬೇಡಿ, ಪೂರ್ತಿ ಹೆಸರು ಬರೆಯಿರಿ.

ಹೆಸರು ಬರೆಯುವಾಗ ಅಟ್ಟದ ಮೇಲಿನ ಟ್ರಂಕನ್ನೂ ಇಳಿಸಿಕೊಳ್ಳಿ. ನಮ್ಮ ಟ್ರಂಕಿನಲ್ಲಿ ಇದೇ ಜಗಲಿಯಲ್ಲಿ ತೆಗೆದ ಹದಿನಾರು ಜನರ ಒಂದು ಹಳೆಯ ಫೋಟೊ ಸಿಕ್ಕಿತು, ಹಿಂಬದಿ ಖಾಲಿ. ದೊಡ್ಡತ್ತೆಗೆ ಕನ್ನಡಕ ಹಾಕಿಸಿ, ದೀಪದ ಹತ್ತಿರ ಕೂರಿಸಿ ಕೇಳುತ್ತ ಹೋದೆ. ಹನ್ನೊಂದು ಹೆಸರು ಹೇಳಿದರು. ಒಂದೊಂದು ಮುಖಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಬೇರೆ ಕಾಗದದಲ್ಲಿ ಬರೆದುಕೊಂಡೆ. ಉಳಿದ ಐವರ ಜಾಗದಲ್ಲಿ ಸಂಖ್ಯೆ ಮಾತ್ರ ಇದೆ. ಆ ಕಾಗದದ ಪ್ರತಿಯನ್ನು ಈ ವರ್ಷ ಹಬ್ಬಕ್ಕೆ ಬರುವ ಹೊಸಕೊಪ್ಪಲಿನ ಅಜ್ಜನಿಗೆ ತೋರಿಸಬೇಕು. ಬಾಗಿಲ ಬಳಿ ಅರ್ಧ ಮುಖ ಮಾತ್ರ ಕಾಣುವಂತೆ ನಿಂತಿರುವ ಹೆಂಗಸನ್ನು ಮೊದಲು ಕೇಳಬೇಕು.